ಸಹಿಗೆ ಮೊದಲು ಒಂದು ರಾತ್ರಿ: ನಮ್ಮ ಆಟಗಾರರಿಗೆ ವಕೀಲರು ಬೇಕಾಗುವುದು ಯಾವಾಗ?

ಹೋದ ಮಳೆಗಾಲದ ಒಂದು ರಾತ್ರಿ. ಹತ್ತು ಗಂಟೆ ದಾಟಿತ್ತು. ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು. ಹದಿನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ಕಳಿಸಿದವನು ಅಂಕೋಲಾ ಕಡೆಯ ಹುಡುಗ. ಹತ್ತೊಂಬತ್ತು ವರ್ಷ, ಕಬಡ್ಡಿಯಲ್ಲಿ ಒಳ್ಳೆಯ ರೇಡರ್. ಹಿಂದೆಯೇ ಒಂದು ವಾಯ್ಸ್ ಮೆಸೇಜ್: "ಅಣ್ಣಾ, ನಾಳೆ ಬೆಳಿಗ್ಗೆ ಹತ್ತರೊಳಗೆ ಸಹಿ ಮಾಡಿ ಕಳಿಸ್ಬೇಕಂತೆ. ಸುಮ್ನೆ ಒಂದ್ಸಲ ನೋಡಿ."

ನಾನು ಕುಮಟಾದಲ್ಲಿ ವಕೀಲಿ ಮಾಡುವವನು. ದಿನಾ ನೋಡುವುದು ಜಮೀನಿನ ಪಾಲು, ಅರಣ್ಯ ಅತಿಕ್ರಮಣ, ಚೆಕ್ ಬೌನ್ಸ್. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ, ಈಗಲೂ ಹೊನಲು ಬೆಳಕಿನ ಪಂದ್ಯಾವಳಿ ಎಲ್ಲೇ ಇದ್ದರೂ ಹೋಗಿ ಕೂರುತ್ತೇನೆ. ಆ ಪರಿಚಯಕ್ಕೆ ಹುಡುಗರು ಆಗಾಗ ಕಾಗದ ಕಳಿಸುತ್ತಾರೆ. ಹೆಚ್ಚಿನವರು ಸಹಿ ಮಾಡಿದ ಮೇಲೆ ಕಳಿಸುತ್ತಾರೆ. ಇವನು ಮೊದಲೇ ಕಳಿಸಿದ್ದ. ಅಷ್ಟಕ್ಕೇ ನನಗೆ ಖುಷಿಯಾಯಿತು.

ಕಾಗದ ತಂಡದ್ದಾಗಿರಲಿಲ್ಲ. ತಂಡಕ್ಕೆ ಸೇರಿಸುತ್ತೇವೆ ಅನ್ನುವ ಏಜೆನ್ಸಿಯೊಂದರದು. ಕರಾರಿನ ಅವಧಿ ಐದು ವರ್ಷ. "ಕ್ರೀಡೆಗೆ ಸಂಬಂಧಿಸಿದ ಎಲ್ಲ ಆದಾಯ"ದಲ್ಲಿ ಶೇಕಡಾ 20 ಏಜೆನ್ಸಿಗೆ. ಈ ಸಾಲನ್ನು ನಾನು ಎರಡು ಸಲ ಓದಿದೆ. ಎಲ್ಲ ಆದಾಯ ಅಂದರೆ ಲೀಗಿನ ಸಂಬಳ ಮಾತ್ರ ಅಲ್ಲ. ನಮ್ಮೂರಿನ ಪಂದ್ಯಾವಳಿಯಲ್ಲಿ ಸಿಗುವ ಬಹುಮಾನದ ದುಡ್ಡೂ ಬಂತು. ನಾಳೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ನೌಕರಿ ಸಿಕ್ಕರೆ, ಆ ಸಂಬಳದಲ್ಲೂ ಪಾಲು ಕೇಳಬಹುದು. ಮುಂದಿನ ಪುಟದಲ್ಲಿ ಇನ್ನೊಂದು ಷರತ್ತು. ಐದು ವರ್ಷ ಮುಗಿದ ಮೇಲೆ ಬೇರೆ ಯಾರೇ ಕರೆದರೂ ಆ ಕರೆಯನ್ನು ಮೊದಲು ಇವರಿಗೆ ತೋರಿಸಬೇಕು. ಅಷ್ಟೇ ದುಡ್ಡು ಇವರು ಕೊಡುತ್ತೇವೆ ಅಂದರೆ ಇವರ ಜೊತೆಗೇ ಮುಂದುವರಿಯಬೇಕು. ಗಾಯವಾದರೆ ಮೂವತ್ತು ದಿನದ ನೋಟಿಸ್ ಕೊಟ್ಟು ಏಜೆನ್ಸಿ ಕೈಬಿಡಬಹುದು. ಹುಡುಗ ಬಿಡುವ ಹಾಗಿಲ್ಲ. ಜಗಳವಾದರೆ ಏಜೆನ್ಸಿಯ ಮುಖ್ಯಸ್ಥರೇ ಒಬ್ಬ ಮಧ್ಯಸ್ಥಗಾರನನ್ನು ನೇಮಿಸುತ್ತಾರೆ, ವಿಚಾರಣೆ ದೆಹಲಿಯಲ್ಲಿ.

ಬೆಳಿಗ್ಗೆ ಏಳಕ್ಕೇ ಅವನ ತಂದೆಗೆ ಫೋನ್ ಮಾಡಿದೆ. ಬೋಟಿಗೆ ಹೋಗುವವರು, ಮಳೆಗಾಲದಲ್ಲಿ ಮನೆಯಲ್ಲೇ ಇದ್ದರು. "ವಕೀಲ್ರೇ, ನಾವು ಓದ್ದವ್ರಲ್ಲ. ನೀವು ಹೇಳಿದ ಹಾಂಗೆ ಮಾಡ್ತೇವೆ. ಅವಕಾಶ ಮಾತ್ರ ತಪ್ಪೂಕಾಗ" ಅಂದರು. ಅವರ ಭಯ ನ್ಯಾಯವಾದದ್ದೇ. ಆಟಗಾರನ ಕೈಗೆ ಇಂಥ ಕಾಗದ ಬರುವುದೇ ಆ ಭಯದ ಹೊತ್ತಿನಲ್ಲಿ. ಹತ್ತು ಗಂಟೆಯ ಗಡುವು ಇಟ್ಟವರಿಗೂ ಅದು ಗೊತ್ತಿರುತ್ತದೆ.

ಆಟಗಾರರಿಗೆ ಕಾನೂನಿನ ನೆರವು ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೋರ್ಟು, ಕರಿಕೋಟು, ದೊಡ್ಡ ವಕೀಲರು. ಆದರೆ ನಮ್ಮ ಜಿಲ್ಲೆಯ ಆಟಗಾರರ ಕೇಸುಗಳನ್ನು ನೋಡಿ ನನಗೆ ಅನ್ನಿಸಿದ್ದು ಇದು: ನೆರವು ಬೇಕಾದದ್ದು ಸಹಿಗೆ ಮೊದಲಿನ ಒಂದು ರಾತ್ರಿಗೆ, ನೋಟಿಸ್ ಬಂದ ಮೇಲಿನ ಮೊದಲ ಕೆಲವು ದಿನಕ್ಕೆ. ಅದು ಹತ್ತಿರದಲ್ಲಿ ಸಿಗಬೇಕು, ಕನ್ನಡದಲ್ಲಿ ಸಿಗಬೇಕು. ಆ ಹೊತ್ತು ಕಳೆದರೆ ಆಮೇಲೆ ಎಷ್ಟು ದೊಡ್ಡ ವಕೀಲರು ಬಂದರೂ ಅರ್ಧ ಕೆಲಸ ಕೆಟ್ಟಿರುತ್ತದೆ.

ಈ ಕರಾರಿನ ವಿಷಯವನ್ನೇ ತೆಗೆದುಕೊಳ್ಳಿ. ಕರಾರು ಮುಗಿದ ಮೇಲೂ ಕಟ್ಟಿಹಾಕುವ ಆ ಷರತ್ತು ಹೊಸದೇನಲ್ಲ. ಕ್ರಿಕೆಟಿಗ ಜಹೀರ್ ಖಾನ್ 2000ದಲ್ಲಿ ಪರ್ಸೆಪ್ಟ್ ಡಿಮಾರ್ಕ್ ಎಂಬ ಕಂಪನಿಯ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ಅದರಲ್ಲೂ ಇಂಥದ್ದೇ ಷರತ್ತು ಇತ್ತು. ಅವಧಿ ಮುಗಿದು ಅವರು ಬೇರೆಯವರ ಕಡೆ ಹೋದಾಗ ಕಂಪನಿ ಕೋರ್ಟಿಗೆ ಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಜಹೀರ್ ಪರವಾಗಿ ನಿಂತಿತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಹೇಳುವ ಪ್ರಕಾರ, ಒಬ್ಬನ ದುಡಿಮೆಗೆ ಅಡ್ಡಗಾಲು ಹಾಕುವ ಒಪ್ಪಂದ ನಡೆಯುವುದಿಲ್ಲ. ಕರಾರು ಜಾರಿಯಲ್ಲಿರುವಾಗ "ನಮ್ಮ ಜೊತೆ ಮಾತ್ರ" ಅನ್ನಬಹುದು. ಮುಗಿದ ಮೇಲೆ ಹಾಗೆ ಅನ್ನುವ ಹಾಗಿಲ್ಲ.

ಮಧ್ಯಸ್ಥಗಾರನ ವಿಷಯವೂ ಹಾಗೆಯೇ. ಫಲಿತಾಂಶದಲ್ಲಿ ತನ್ನ ಸ್ವಾರ್ಥ ಇರುವವನು ತಾನೂ ತೀರ್ಪು ಹೇಳಬಾರದು, ತೀರ್ಪು ಹೇಳುವವನನ್ನು ತಾನೊಬ್ಬನೇ ನೇಮಿಸಲೂಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಂದರೆ ಹುಡುಗನ ಕಾಗದದಲ್ಲಿದ್ದ ಎರಡು ಷರತ್ತು ಕಾನೂನಿನ ಮುಂದೆ ನಿಲ್ಲುವಂಥವೇ ಅಲ್ಲ.

ಹಾಗಾದರೆ ಸಹಿ ಮಾಡಿದರೇನು ತೊಂದರೆ, ಆಮೇಲೆ ಕೋರ್ಟಿನಲ್ಲಿ ಬೀಳಿಸಬಹುದಲ್ವಾ ಅಂತ ಕೇಳಬಹುದು. ಜಹೀರ್ ಖಾನ್‌ಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇತ್ತು. ನಮ್ಮ ಹುಡುಗನಿಗೆ? ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. 2024ರ ಹರಾಜಿನಲ್ಲಿ ಕೆಳಗಿನ ದರ್ಜೆಯ ಮೂಲ ಬೆಲೆ 9 ಲಕ್ಷ ರೂಪಾಯಿ, ಮೇಲಿನ ದರ್ಜೆಗೆ 30 ಲಕ್ಷ. ಟಿವಿಯಲ್ಲಿ ಕಾಣುವುದು ಎರಡು ಕೋಟಿ ದಾಟಿದ ಒಬ್ಬಿಬ್ಬರ ಮುಖ. ಒಂಬತ್ತು ಲಕ್ಷದಲ್ಲಿ ಶೇಕಡಾ 20 ಅಂದರೆ 1 ಲಕ್ಷ 80 ಸಾವಿರ. ಅದನ್ನು ವಾಪಸ್ ಕೇಳಲು ದೆಹಲಿಗೆ ನಾಲ್ಕು ಸಲ ಹೋಗಿಬಂದರೆ ಉಳಿಯುವುದೇನು? ಕಾನೂನಿನಲ್ಲಿ ನಿಲ್ಲದ ಷರತ್ತನ್ನೂ ಬರೆಯುವುದು ಇದಕ್ಕೇ. ಆಟಗಾರ ಅಲ್ಲಿಯವರೆಗೆ ಹೋಗುವುದಿಲ್ಲ ಅನ್ನುವ ಲೆಕ್ಕ ಅದು. ಜೊತೆಗೆ ಕಬಡ್ಡಿ ಆಟಗಾರನ ವೃತ್ತಿ ಎಂಟೋ ಹತ್ತೋ ವರ್ಷದ್ದು. ಎರಡು ವರ್ಷ ಕೇಸಿನಲ್ಲಿ ಹೋದರೆ ಅದು ಯಾರೂ ತುಂಬಿಕೊಡಲಾಗದ ಎರಡು ವರ್ಷ.

ಹದಿನೆಂಟು ತುಂಬದ ಮಕ್ಕಳ ವಿಷಯ ಇನ್ನೂ ಬೇರೆ. ಅಪ್ರಾಪ್ತರು ಮಾಡಿದ ಕರಾರು ಅನೂರ್ಜಿತ. 1903ರಿಂದಲೂ ಇದು ಗಟ್ಟಿಯಾದ ನಿಯಮ. ಆದ್ದರಿಂದಲೇ ಮಕ್ಕಳ ಕರಾರಿನಲ್ಲಿ ಕೊನೆಯ ಪುಟದಲ್ಲಿ ತಂದೆಯದೋ ತಾಯಿಯದೋ ಸಹಿ ಕೇಳುತ್ತಾರೆ. "ಪೋಷಕರ ಒಪ್ಪಿಗೆ" ಅಂತ ಬಾಯಲ್ಲಿ ಹೇಳುತ್ತಾರೆ. ಕೆಲವು ಕಾಗದದಲ್ಲಿ ಆ ಸಹಿಯ ಮೇಲೆ ಬರೆದಿರುವುದು "ಜಾಮೀನುದಾರ" ಅಂತ. ಮಗ ಬಿಟ್ಟುಹೋದರೆ ಅಪ್ಪ ದುಡ್ಡು ಕಟ್ಟಬೇಕು. ಒಪ್ಪಿಗೆಗೂ ಜಾಮೀನಿಗೂ ಇರುವ ವ್ಯತ್ಯಾಸವನ್ನು ಯಾರಾದರೂ ಆ ತಂದೆಗೆ ಸಹಿ ಹಾಕುವ ಮೊದಲು ಹೇಳಬೇಕಲ್ಲ?

ಕರಾರಿಗಿಂತ ನನಗೆ ಜಾಸ್ತಿ ಚಿಂತೆಯಾಗುವುದು ಡೋಪಿಂಗ್, ಅಂದರೆ ನಿಷಿದ್ಧ ಮದ್ದಿನ ವಿಷಯ. ಕರಾರಿನಲ್ಲಿ ಹೋಗುವುದು ದುಡ್ಡು. ಇಲ್ಲಿ ಹೋಗುವುದು ಹೆಸರು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ 2024ರ ಲೆಕ್ಕದಲ್ಲಿ ಭಾರತದ ಆಟಗಾರರ ಮೂತ್ರ, ರಕ್ತದ 7,113 ಮಾದರಿಗಳಲ್ಲಿ 260 ಪಾಸಿಟಿವ್ ಬಂದಿವೆ. ಜಾಸ್ತಿ ಪರೀಕ್ಷೆ ಮಾಡುವ ದೇಶಗಳಲ್ಲಿ ಇಷ್ಟು ದೊಡ್ಡ ಪ್ರಮಾಣ ಬೇರೆಲ್ಲೂ ಇಲ್ಲ. ಇವರಲ್ಲಿ ಬೇಕೆಂದೇ ಮದ್ದು ತೆಗೆದುಕೊಂಡವರು ಖಂಡಿತ ಇದ್ದಾರೆ. ಅವರ ಪರ ನಾನು ಮಾತಾಡುವುದಿಲ್ಲ. ಆದರೆ ಈ ಕಾನೂನು ಎಷ್ಟು ಬಿಗಿ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಿಮ್ಮ ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ನೀವೇ ಹೊಣೆ. ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಅನ್ನುವುದೆಲ್ಲ ಶಿಕ್ಷೆ ಎಷ್ಟು ಅಂತ ತೀರ್ಮಾನಿಸುವಾಗ ಬರುವ ಮಾತು. ತಪ್ಪಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕ್ರಿಮಿನಲ್ ಕೇಸಿನಲ್ಲಿ ಪೊಲೀಸರು ಆರೋಪ ಸಾಬೀತು ಮಾಡಬೇಕು. ಇಲ್ಲಿ ಮಾದರಿಯಲ್ಲಿ ಮದ್ದು ಸಿಕ್ಕಮೇಲೆ ಅದು ಹೇಗೆ ಬಂತು ಅಂತ ಆಟಗಾರನೇ ತೋರಿಸಿಕೊಡಬೇಕು.

ನಮ್ಮ ಕರಾವಳಿಯವರೇ ಆದ ಅಶ್ವಿನಿ ಅಕ್ಕುಂಜಿ ಅವರ ಕಥೆ ಎಲ್ಲರಿಗೂ ಗೊತ್ತಿರಬೇಕು. ಉಡುಪಿ ಜಿಲ್ಲೆಯ ಸಿದ್ದಾಪುರದವರು. ನಮ್ಮ ಶಿರಸಿ ಪಕ್ಕದ ಸಿದ್ದಾಪುರ ಬೇರೆ, ಅದು ಬೇರೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಏಷ್ಯನ್ ಕ್ರೀಡಾಕೂಟದಲ್ಲೂ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. 2011ರಲ್ಲಿ ಮಾದರಿ ಪಾಸಿಟಿವ್ ಬಂತು. ಉಕ್ರೇನಿನ ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಹಾಗಾಯಿತು ಅನ್ನುವುದು ಅವರ ಮತ್ತು ಜೊತೆಗಾರ್ತಿಯರ ವಾದ. ಭಾರತದ ಡೋಪಿಂಗ್ ತಡೆ ಸಮಿತಿ ಆ ವಾದವನ್ನು ಕೇಳಿ ಒಂದು ವರ್ಷದ ನಿಷೇಧ ಹಾಕಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿತು. 2012ರಲ್ಲಿ ಅಲ್ಲಿ ಶಿಕ್ಷೆ ಎರಡು ವರ್ಷಕ್ಕೆ ಏರಿತು. ಕೋಚ್ ಕೊಟ್ಟದ್ದು ನಿಜವೇ ಆದರೂ, ಬಾಟಲಿಯ ಒಳಗೆ ಏನಿದೆ ಅಂತ ಆಟಗಾರ್ತಿ ಪರೀಕ್ಷಿಸಬೇಕಿತ್ತು ಅನ್ನುವುದು ಅದರ ಒಳಗಿನ ತರ್ಕ.

ಕೋಚ್ ಮಾತನ್ನು ದೇವರ ಮಾತು ಅಂದುಕೊಳ್ಳುವ ನಮ್ಮ ಮಕ್ಕಳಿಗೆ ಈ ತರ್ಕ ತುಂಬ ಕಠೋರ. ಆದರೆ ನಿಯಮ ಇರುವುದೇ ಹಾಗೆ. ಅದು ಗೊತ್ತಿಲ್ಲದೆ ಅಂಗಳಕ್ಕೆ ಇಳಿಸುವುದು ತಪ್ಪು.

ಮೆಡಿಕಲ್ ಶಾಪಿನ ವಿಷಯಕ್ಕೆ ಬನ್ನಿ. ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಕೆಮ್ಮು, ನೆಗಡಿ ಇಲ್ಲದ ಮನೆ ಇಲ್ಲ. ಇಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಅನ್ನುವ ಅಂಶ ಇರುತ್ತದೆ. ಅದು ವರ್ಷಪೂರ್ತಿ ನಿಷಿದ್ಧ. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಒಂದು ಮಿತಿ ದಾಟಿದರೆ ಪಂದ್ಯದ ಸಮಯದಲ್ಲಿ ನಿಷಿದ್ಧ. ಮಂಡಿ ನೋವಿಗೆ ಹಾಕಿಸುವ ಸ್ಟೀರಾಯ್ಡ್ ಇಂಜೆಕ್ಷನ್ 2022ರಿಂದ ಪಂದ್ಯದ ಸಮಯದಲ್ಲಿ ನಿಷಿದ್ಧ. ಕಬಡ್ಡಿಯಲ್ಲಿ ಮಂಡಿ ನೋವಿಲ್ಲದ ಕಾರ್ನರ್ ಆಟಗಾರ ಯಾರಿದ್ದಾನೆ? ನಾಳೆ ಸೆಮಿಫೈನಲ್ ಅಂದರೆ ಇವತ್ತು ಇಂಜೆಕ್ಷನ್. ನಿಜವಾಗಿ ಬೇಕಾದ ಔಷಧಕ್ಕೆ ಮೊದಲೇ ಅನುಮತಿ ಪಡೆಯುವ ದಾರಿ ಇದೆ. ವೈದ್ಯರ ಚೀಟಿ, ರಿಪೋರ್ಟು ಎಲ್ಲ ಇಟ್ಟು ಅರ್ಜಿ ಹಾಕಬೇಕು. ಈ ಅರ್ಜಿ ತುಂಬಿಸಿಕೊಡುವುದೂ ಕಾನೂನಿನ ನೆರವೇ.

ಜಿಮ್ ಪೌಡರ್ ಡಬ್ಬಿಯ ಬಗ್ಗೆ ಒಂದೇ ಮಾತು. ಒಂದು ಡಬ್ಬಿಯನ್ನು ಒಬ್ಬ ಕುಸ್ತಿಪಟು ನನ್ನ ಮೇಜಿನ ಮೇಲೆ ತಂದಿಟ್ಟಿದ್ದ, ಹಳಿಯಾಳದ ಕಡೆಯವನು. ಮುಂದೆ ಹುಲಿಯ ಚಿತ್ರ, ಹಿಂದೆ ಅಕ್ಷರಗಳು ಇರುವೆ ಸಾಲಿನ ಹಾಗೆ. ಅದರ ಮೇಲೆ ಬೆಲೆಯ ಸ್ಟಿಕ್ಕರ್ ಅಂಟಿಸಿ ಬ್ಯಾಚ್ ನಂಬರ್ ಅರ್ಧ ಮುಚ್ಚಿತ್ತು. ಬಿಲ್ ಇದೆಯೇನೋ ಅಂತ ಕೇಳಿದೆ. ಇರಲಿಲ್ಲ. ನಾಳೆ ಈ ಪೌಡರ್‌ನಲ್ಲೇ ಮದ್ದು ಬೆರೆತಿತ್ತು ಅಂತ ಸಾಬೀತು ಮಾಡಬೇಕಾದರೆ ಬಿಲ್ ಬೇಕು, ಬ್ಯಾಚ್ ನಂಬರ್ ಬೇಕು, ಅದೇ ಬ್ಯಾಚಿನ ಒಡೆಯದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ಬಿಲ್ ಇಲ್ಲದ ಡಬ್ಬಿ ಹಿಡಿದುಕೊಂಡು ಯಾವ ವಕೀಲನೂ ಏನೂ ಮಾಡಲಾರ. ಅವತ್ತೇ ಅವನಿಂದ ಡಬ್ಬಿಯ ಫೋಟೊ ತೆಗೆಸಿದೆ, ನಾಲ್ಕೂ ಕಡೆಯಿಂದ.

ಇನ್ನು ಡೋಪಿಂಗ್ ನೋಟಿಸ್. ಅದು ಬರುವುದು ಇಮೇಲಿಗೆ. ನಮ್ಮ ಎಷ್ಟೋ ಆಟಗಾರರ ಇಮೇಲ್ ಸೈಬರ್ ಅಂಗಡಿಯವರು ಫಾರ್ಮ್ ತುಂಬುವಾಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅಂಗಡಿಯವರಿಗೂ ನೆನಪಿಲ್ಲ, ಇವರಿಗೂ ಇಲ್ಲ. ಆರೋಪದ ನೋಟಿಸ್‌ನಲ್ಲಿ ನಾಲ್ಕು ವರ್ಷದ ನಿಷೇಧ ಸೂಚಿಸಿದ್ದರೆ, 20 ದಿನದೊಳಗೆ ತಪ್ಪು ಒಪ್ಪಿ ಶಿಕ್ಷೆಗೆ ತಲೆಬಾಗಿದವರಿಗೆ ಒಂದು ವರ್ಷ ಕಡಿಮೆಯಾಗುತ್ತದೆ. ಒಪ್ಪಬೇಕೋ ಹೋರಾಡಬೇಕೋ ಅನ್ನುವುದು ದೊಡ್ಡ ತೀರ್ಮಾನ. ಅದೇ ಮಾದರಿಯ ಮೊಹರು ಮಾಡಿಟ್ಟ ಎರಡನೇ ಭಾಗ, ಅಂದರೆ 'ಬಿ' ಮಾದರಿ ತೆರೆಸಬೇಕೋ ಬೇಡವೋ ಅನ್ನುವುದಕ್ಕೂ ಕೆಲವೇ ದಿನದ ಅವಕಾಶ. ಇಮೇಲ್ ನೋಡದೆ ಒಂದು ತಿಂಗಳು ಕಳೆದರೆ ಆ ಬಾಗಿಲು ಮುಚ್ಚಿರುತ್ತದೆ. ಹದಿನಾರರ ಒಳಗಿನ ಮಕ್ಕಳಿಗೆ ನಿಯಮದಲ್ಲೇ ಒಂದಿಷ್ಟು ರಕ್ಷಣೆ ಇದೆ. ದೊಡ್ಡ ನಿರ್ಲಕ್ಷ್ಯ ಇಲ್ಲ ಅಂತ ತೋರಿಸಿದರೆ ಬರೀ ಎಚ್ಚರಿಕೆಯಿಂದ ಹಿಡಿದು ಗರಿಷ್ಠ ಎರಡು ವರ್ಷದವರೆಗೆ ಶಿಕ್ಷೆ. ಅದನ್ನೂ ಕೇಳಿ ಪಡೆಯಬೇಕು.

ಮೇಲಿನ ಹಂತದ ಆಟಗಾರರಿಗೆ ಇನ್ನೊಂದು ನಿಯಮ. ಹೇಳದೆ ಬರುವ ಡೋಪಿಂಗ್ ಪರೀಕ್ಷೆಗೆ ಸಿಗಲು ದಿನಾ ಒಂದು ಗಂಟೆ ತಾವು ಎಲ್ಲಿರುತ್ತೇವೆ ಅಂತ ಮೊದಲೇ ಬರೆದು ಕೊಡಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಎರಡು ವರ್ಷದವರೆಗೆ ನಿಷೇಧ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಇರುವವರಿಗೆ ಇದು ಸುಲಭ. ಯಲ್ಲಾಪುರ, ಹಳಿಯಾಳದ ಕಾಡಿನ ಮಜಿರೆಗಳಲ್ಲಿ ಮನೆಗೆ ನಂಬರ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಅಲ್ಲಿಗೆ ರಜೆಗೆ ಬಂದ ಓಟಗಾರ ವಿಳಾಸ ಏನಂತ ಬರೆಯಬೇಕು? "ಗಾಂವಠಾಣದ ಕೊನೆಯ ಮನೆ, ಹಲಸಿನ ಮರದ ಹತ್ತಿರ" ಅಂತ ಬರೆದರೆ ನಡೆಯುತ್ತದೆ, ಆದರೆ ದಾರಿ ಬಿಡಿಸಿ ಬರೆಯಬೇಕು, ಪಕ್ಕದ ಅಂಗಡಿಯ ಫೋನ್ ನಂಬರ್ ಕೊಡಬೇಕು. ಯಾರಾದರೂ ಕೂತು ಹೇಳಿಕೊಟ್ಟರೆ ಹತ್ತು ನಿಮಿಷದ ಕೆಲಸ.

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಬಗ್ಗೆ ಬರೆಯದೆ ಈ ಜಿಲ್ಲೆಯ ಕ್ರೀಡೆಯ ಮಾತು ಮುಗಿಯುವುದಿಲ್ಲ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ದೇಶಮಟ್ಟದಲ್ಲಿ ಓಡಿ ಪದಕ ತಂದರು. 1990ರ ದಶಕದ ಮೊದಲ ವರ್ಷಗಳಲ್ಲೇ ಯೋಜನೆ ನಿಂತಿತು. ಮಕ್ಕಳು ಅರ್ಧ ದಾರಿಯಿಂದ ಮನೆಗೆ ಮರಳಿದರು. ಓದೂ ಅರ್ಧ, ಓಟವೂ ಅರ್ಧ. ಆಗ ಯಾರೂ ಪ್ರಶ್ನೆ ಕೇಳಲಿಲ್ಲ, ಯಾಕೆಂದರೆ ಯಾರ ಕೈಯಲ್ಲೂ ಕಾಗದ ಇರಲಿಲ್ಲ. ಎಷ್ಟು ವರ್ಷ ತರಬೇತಿ, ಓದಿನ ಹೊಣೆ ಯಾರದು, ಮಧ್ಯದಲ್ಲಿ ನಿಂತರೆ ಏನು ಅನ್ನುವುದು ಬರಹದಲ್ಲಿ ಇದ್ದಿದ್ದರೆ ಒಂದು ಮನವಿ ಬರೆಯಲಿಕ್ಕಾದರೂ ದಾರಿ ಇರುತ್ತಿತ್ತು. ಇವತ್ತು ಮಕ್ಕಳನ್ನು ಹಾಸ್ಟೆಲ್‌ಗೆ, ಅಕಾಡೆಮಿಗೆ ಕಳಿಸುವ ತಂದೆತಾಯಿ ಇದನ್ನು ಮೊದಲು ಕೇಳಲಿ ಅಂತ ನನ್ನ ಆಸೆ.

ಹೊರಗಿನ ಎರಡು ಉದಾಹರಣೆ ನೋಡಿ. ಒಡಿಶಾದ ಹಳ್ಳಿಯೊಂದರ ನೇಕಾರರ ಮಗಳು ದ್ಯುತಿ ಚಂದ್. ದೇಹದಲ್ಲಿ ಸಹಜವಾಗಿಯೇ ಇರುವ ಹಾರ್ಮೋನ್ ಪ್ರಮಾಣದ ಕಾರಣ ಕೊಟ್ಟು 2014ರಲ್ಲಿ ಅವರನ್ನು ಓಟದಿಂದ ಹೊರಗಿಟ್ಟರು. ಕ್ರೀಡಾ ಪ್ರಾಧಿಕಾರ ಬೆನ್ನಿಗೆ ನಿಂತಿತು, ಕೆನಡಾದ ವಕೀಲರು ಒಂದು ಪೈಸೆ ತೆಗೆದುಕೊಳ್ಳದೆ ವಾದ ಮಾಡಿದರು. 2015ರ ಜುಲೈನಲ್ಲಿ ಲೂಸಾನ್‌ನ ನ್ಯಾಯಮಂಡಳಿ ಆ ನಿಯಮವನ್ನೇ ತಡೆಹಿಡಿಯಿತು. ಒಬ್ಬ ಹಳ್ಳಿಯ ಹುಡುಗಿಯ ಕೇಸು ಜಗತ್ತಿನ ನಿಯಮವನ್ನು ನಿಲ್ಲಿಸಿತು. ಅದೇ ದ್ಯುತಿ 2023ರಲ್ಲಿ ಡೋಪಿಂಗ್ ಕೇಸಿನಲ್ಲಿ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು ಅನ್ನುವುದೂ ನಿಜ, ಆದರೆ ಮೊದಲ ಗೆಲುವಿನ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

ಎರಡನೆಯದು ವಿನೇಶ್ ಫೋಗಟ್. 2024ರ ಪ್ಯಾರಿಸ್ ಒಲಿಂಪಿಕ್ಸ್, 50 ಕೆಜಿ ವಿಭಾಗ, ಫೈನಲ್ ದಿನ 100 ಗ್ರಾಂ ಜಾಸ್ತಿ. ಅನರ್ಹತೆಯ ವಿರುದ್ಧದ ಕೇಸಿನಲ್ಲಿ ಅವರು ಸೋತದ್ದು ನಮಗೆಲ್ಲ ಗೊತ್ತು, ಅರ್ಜಿ ವಜಾ ಆಯಿತು. ನಾನು ಗಮನಿಸಿದ್ದು ಬೇರೆ. ಆ ಕೂಟದಲ್ಲಿ ಆಟಗಾರರಿಗಾಗಿಯೇ ಪ್ಯಾರಿಸ್‌ನ ವಕೀಲರ ಪಟ್ಟಿ ತಯಾರಿತ್ತು, ಶುಲ್ಕವಿಲ್ಲದೆ. ಅನರ್ಹಗೊಂಡ ದಿನವೇ ಅರ್ಜಿ ಬಿತ್ತು, ಒಂದು ವಾರದಲ್ಲಿ ತೀರ್ಪು ಬಂತು. ಒಲಿಂಪಿಕ್ಸ್‌ನಲ್ಲಿ ಅಷ್ಟು ಹತ್ತಿರ ಸಿಗುವ ವಕೀಲರು ಅಂಕೋಲಾದಲ್ಲಿ ಯಾಕೆ ಸಿಗಬಾರದು?

2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಆಟಗಾರರ ಆಯ್ಕೆ, ಕ್ರೀಡಾ ಸಂಸ್ಥೆಗಳ ಚುನಾವಣೆಯಂಥ ಜಗಳಗಳಿಗೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ, ಅದರ ಮೇಲ್ಮನವಿ ಸುಪ್ರೀಂ ಕೋರ್ಟಿಗೆ. ಸಂಸ್ಥೆಗಳೊಳಗೆ ಆಟಗಾರರ ಸಮಿತಿ, ದೂರು ಕೇಳುವ ವ್ಯವಸ್ಥೆ, ಮಹಿಳೆಯರ ಮತ್ತು ಮಕ್ಕಳ ಸುರಕ್ಷತೆಯ ನೀತಿ ಇರಬೇಕು. ಒಳ್ಳೆಯ ಹೆಜ್ಜೆ. ಇಷ್ಟು ದಿನ ಕ್ರೀಡಾ ಸಂಸ್ಥೆಯೊಂದರ ವಿರುದ್ಧ ಹೈಕೋರ್ಟಿಗೆ ಹೋದರೆ ಪಂದ್ಯ ಮುಗಿದ ಮೇಲೆ ದಿನಾಂಕ ಸಿಗುತ್ತಿತ್ತು. ಆದರೆ ಡೋಪಿಂಗ್ ಈ ನ್ಯಾಯಮಂಡಳಿಯ ಕೈಯಲ್ಲಿಲ್ಲ. ಅದಕ್ಕೆ 2022ರ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಸಮಿತಿಗಳು. ನ್ಯಾಯಮಂಡಳಿಗೆ ಬರುವ ವಿಷಯವನ್ನು ಇನ್ನು ಸಿವಿಲ್ ಕೋರ್ಟಿಗೆ ತರುವ ಹಾಗಿಲ್ಲ. ಕುಮಟಾದ ಕೋರ್ಟಿನಲ್ಲಿ ಒಂದು ದಾವೆ ಹಾಕಿ ತಡೆಯಾಜ್ಞೆ ಕೇಳುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ನಮಗೆ ಹೈಕೋರ್ಟಿನ ಧಾರವಾಡ ಪೀಠವೇ ದೂರ. ಅರಬೈಲ್ ಘಾಟಿ ಹತ್ತಿ ಯಲ್ಲಾಪುರದ ಮೇಲೆ ಹೋಗಿಬರುವುದರಲ್ಲಿ ದಿನ ಮುಗಿಯುತ್ತದೆ. ಇಡೀ ದೇಶಕ್ಕೆ ಒಂದು ನ್ಯಾಯಮಂಡಳಿ ಅಂದಮೇಲೆ ವಿಡಿಯೊ ವಿಚಾರಣೆ ಮತ್ತು ಕನ್ನಡದ ಅರ್ಜಿ ಎರಡನ್ನೂ ಒಪ್ಪಬೇಕು ಅಂತ ನಾವು ಈಗಲೇ ಕೇಳಬೇಕು.

ಹೆಣ್ಣುಮಕ್ಕಳ ದೂರಿನ ವಿಷಯ ಪ್ರತ್ಯೇಕವಾಗಿ ಹೇಳುತ್ತೇನೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಫೀಸಿನವರಿಗೆ ಮಾತ್ರ ಅಂತ ಹಲವರು ತಿಳಿದಿದ್ದಾರೆ. ಆ ಕಾಯ್ದೆಯ ವ್ಯಾಖ್ಯೆಯಲ್ಲೇ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ, ತರಬೇತಿಯ ವಸತಿ ಎಲ್ಲ ಸೇರಿದೆ. ಕಾರವಾರದ ಮಾಲಾದೇವಿ ಮೈದಾನವೂ ಬಂತು, ಶಿಬಿರಕ್ಕೆ ಬಾಡಿಗೆಗೆ ಹಿಡಿದ ಹಾಸ್ಟೆಲ್ಲೂ ಬಂತು. ಸಂಸ್ಥೆಯಲ್ಲಿ ದೂರು ಸಮಿತಿ ಇಲ್ಲದಿದ್ದರೆ, ಅಥವಾ ದೂರು ಸಂಸ್ಥೆ ನಡೆಸುವವನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆಯಾಗಿ ಮೂರು ತಿಂಗಳೊಳಗೆ ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಹದಿನೆಂಟರ ಒಳಗಿನವರಿಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಕೋಚ್ ಸಿಟ್ಟಾದರೆ ತಂಡದಿಂದ ತೆಗೆಯುತ್ತಾರೆ ಅನ್ನುವ ಹೆದರಿಕೆಯಲ್ಲಿ ಮೂರು ತಿಂಗಳು ಹೇಗೆ ಕಳೆಯುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಾಯಂದಿರೇ, ಮಗಳು ಶಿಬಿರದಿಂದ ಬಂದು ಮಾತು ಕಡಿಮೆ ಮಾಡಿದರೆ ದಯವಿಟ್ಟು ಕೇಳಿ.

ಹಾಗಾದರೆ ಇಲ್ಲಿ ಈಗ ಏನಿದೆ? ನಾವು ಬಳಸದೇ ಇರುವ ಒಂದು ಒಳ್ಳೆಯ ವ್ಯವಸ್ಥೆ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಅದರ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಆದ್ದರಿಂದ ಪ್ರತಿಯೊಬ್ಬ ಸಿದ್ದಿ ಆಟಗಾರನಿಗೂ ಈ ಹಕ್ಕಿದೆ. ಇದೇ ಜಿಲ್ಲೆಯ ಹಾಲಕ್ಕಿ ಸಮುದಾಯದವರು ಆ ಪಟ್ಟಿಯಲ್ಲಿ ಇನ್ನೂ ಇಲ್ಲ, ಆದರೆ ಹಾಲಕ್ಕಿ ಹೆಣ್ಣುಮಗಳಿಗೆ ಹೆಣ್ಣು ಅನ್ನುವ ಕಾರಣಕ್ಕೇ ನೆರವು ಸಿಗುತ್ತದೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ. ಫೋನಿನಲ್ಲಾದರೆ 15100. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದ ಅರ್ಜಿ ಸಾಕು.

ತೊಡಕು ಇರುವುದು ನಮ್ಮ ಕಡೆ, ವಕೀಲರ ಕಡೆ. ಪಟ್ಟಿಯಲ್ಲಿರುವ ವಕೀಲರಿಗೆ ಜೀವನಾಂಶ ಗೊತ್ತು, ಅಪಘಾತ ಪರಿಹಾರ ಗೊತ್ತು. ಡೋಪಿಂಗ್ ನೋಟಿಸ್ ಹಿಡಿದುಕೊಂಡು ಬಂದ ಹುಡುಗಿಯ ಮುಂದೆ ನಾನೇ ಒಂದು ರಾತ್ರಿ ಕೂತು ನಿಯಮ ಓದಿಕೊಂಡಿದ್ದೇನೆ. ಇದಕ್ಕೆ ದೊಡ್ಡ ದುಡ್ಡು ಬೇಡ. ಜಿಲ್ಲೆಯಲ್ಲಿ ನಾಲ್ಕು ಜನ ವಕೀಲರಿಗೆ ಕ್ರೀಡಾ ಕರಾರು ಮತ್ತು ಡೋಪಿಂಗ್ ನಿಯಮದ ತರಬೇತಿ ಕೊಟ್ಟರೆ ಸಾಕು, ಘಟ್ಟದ ಮೇಲೆ ಇಬ್ಬರು, ಕೆಳಗೆ ಇಬ್ಬರು. ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಶಿರಸಿಯ ಕ್ರೀಡಾಂಗಣದಲ್ಲಿ ಒಂದು ಮೇಜು ಹಾಕಿ ಕೂತರೆ ಎಷ್ಟೋ ಕಾಗದ ಸಹಿಗೆ ಮೊದಲೇ ಓದಲ್ಪಡುತ್ತವೆ. ಕ್ರೀಡಾ ಇಲಾಖೆ ಮಾದರಿ ಕರಾರೊಂದನ್ನು ಕನ್ನಡದಲ್ಲಿ ಮಾಡಿಸಿ ಹಂಚಲಿ. ಪಂದ್ಯಾವಳಿ ನಡೆಸುವ ಸಂಘಗಳಿಗೂ ನನ್ನ ಕೋರಿಕೆ ಇದೆ. ಪೆಂಡಾಲಿಗೆ, ಲೈಟಿಗೆ, ಟ್ರೋಫಿಗೆ ಲಕ್ಷಗಟ್ಟಲೆ ಹಾಕುತ್ತೀರಿ. ಆಟಗಾರರಿಗೆ ಅವತ್ತಿನ ಮಟ್ಟಿಗೆ ಒಂದು ಗುಂಪು ಅಪಘಾತ ವಿಮೆ ಮಾಡಿಸಿ. ಮಂಡಿಯ ಲಿಗಮೆಂಟ್ ಹರಿದರೆ ಇಲ್ಲಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು. ಆ ಖರ್ಚಿಗೆ ಮನೆಯವರು ಬಂಗಾರ ಅಡವಿಡುತ್ತಾರೆ. ಆಮೇಲೆ ಪರಿಹಾರ ಕೇಳಿಕೊಂಡು ಬಂದರೆ ನಾನು ಯಾರ ಮೇಲೆ ನೋಟಿಸ್ ಬರೆಯಲಿ? ರಸೀದಿಯಿಲ್ಲ, ನೋಂದಣಿ ಕಾಗದವಿಲ್ಲ, ಆಡಿದ್ದಕ್ಕೆ ಸಾಕ್ಷಿ ಅಂದರೆ ಯೂಟ್ಯೂಬಿನ ಒಂದು ವಿಡಿಯೊ.

ಅಂಕೋಲಾದ ಹುಡುಗನ ಕಾಗದಕ್ಕೆ ಬರುತ್ತೇನೆ. ಬೆಳಿಗ್ಗೆ ಎಂಟಕ್ಕೆ ನಾವು ಒಂದೇ ಪುಟದ ಇಮೇಲ್ ಬರೆದೆವು, ಅವನ ಹೆಸರಿನಲ್ಲೇ, ಮರ್ಯಾದೆಯಿಂದ. ನಿಮ್ಮ ಜೊತೆ ಕೆಲಸ ಮಾಡಲು ನನಗೆ ಇಷ್ಟ, ಈ ಐದು ಷರತ್ತು ಬದಲಾದರೆ ಇವತ್ತೇ ಸಹಿ ಮಾಡುತ್ತೇನೆ ಅಂತ. ಜಹೀರ್ ಖಾನ್ ತೀರ್ಪಿನ ಹೆಸರನ್ನು ಒಂದು ಸಾಲಿನಲ್ಲಿ ಹಾಕಿದ್ದೆವು. ಹತ್ತು ಗಂಟೆ ಕಳೆಯಿತು, ಹನ್ನೆರಡಾಯಿತು. ತಂದೆ ಮೂರು ಸಲ ಫೋನ್ ಮಾಡಿದರು. ಸಂಜೆ ನಾಲ್ಕಕ್ಕೆ ಉತ್ತರ ಬಂತು. ಅವಧಿ ಮುಗಿದ ಮೇಲಿನ ಷರತ್ತು ತೆಗೆದಿದ್ದರು. ನೌಕರಿಯ ಸಂಬಳ ಮತ್ತು ಊರಿನ ಪಂದ್ಯಗಳ ಬಹುಮಾನ ಬಿಟ್ಟಿದ್ದರು. ಮಧ್ಯಸ್ಥಗಾರರನ್ನು ಇಬ್ಬರೂ ಒಪ್ಪಿ ನೇಮಿಸುವುದು ಅಂತಾಗಿತ್ತು. ಶೇಕಡಾ 20 ಹಾಗೆಯೇ ಉಳಿಯಿತು, ಗಾಯದ ಷರತ್ತೂ ಉಳಿಯಿತು. ಇವೆರಡನ್ನೂ ಅವನಿಗೂ ತಂದೆಗೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಇಬ್ಬರೂ ಹೊರಗೆ ಹೋಗಿ ಸ್ವಲ್ಪ ಹೊತ್ತು ಮಾತಾಡಿಕೊಂಡು ಬಂದರು. ಹುಡುಗ ಸಹಿ ಮಾಡಿದ. ಎರಡು ಝೆರಾಕ್ಸ್ ತೆಗೆಸಿದೆವು. ಒಂದು ಮನೆಯ ಕಪಾಟಿನಲ್ಲಿದೆ, ಇನ್ನೊಂದನ್ನು ಅವನು ಶಿಬಿರಕ್ಕೆ ಹೋಗುವಾಗ ಬ್ಯಾಗಿನಲ್ಲಿ ನೀಕ್ಯಾಪ್ ಜೊತೆ ಇಟ್ಟುಕೊಂಡು ಹೋದ.